ಹಲಸಿನ ಬೀಜದ ವಿಜ್ಞಾನ ನಮ್ಮ ಕಾಲೇಜುಗಳಿಗೂ ತಲುಪಲಿ

ಮಾನ್ಯರೇ,
ಪ್ರೋಟೀನ್ ಸ್ಫಟಿಕಶಾಸ್ತ್ರಜ್ಞ (ಪ್ರೋಟೀನನ್ನು ಹರಳುಗಟ್ಟಿಸಿ ಅದರ ಅಣುವಿನ ಆಕಾರ ಕಂಡುಹಿಡಿಯುವ ವಿಜ್ಞಾನಿ) ಪ್ರೊ. ಎಂ. ವಿಜಯನ್ ಅವರ ಸಾಧನೆ ತುಮಕೂರು ಜಿಲ್ಲೆಯ ವಿಜ್ಞಾನ ವಿದ್ಯಾರ್ಥಿಗಳಿಗೆ ತಲುಪಬೇಕಿದೆ. 1969ರಲ್ಲಿ ಇನ್ಸುಲಿನ್ ಎಂಬ ಪ್ರೋಟೀನಿನ ರಚನೆಯನ್ನು ಕಂಡುಹಿಡಿದ, ಬ್ರಿಟನ್ನಿನ ವಿಜ್ಞಾನಿ ಡೊರೊಥಿ ಹಾಜ್‌ಕಿನ್ ಅವರ ತಂಡದಲ್ಲಿದ್ದ ಅವರು, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಶಾಸ್ತ್ರವನ್ನು ಕಟ್ಟಿ ಬೆಳೆಸಿದರು. ಅವರ ತಂಡ ಎಕ್ಸ್‌-ಕಿರಣಗಳ ನೆರವಿನಿಂದ ರಚನೆ ಕಂಡುಕೊಂಡ ಪ್ರೋಟೀನ್‌ಗಳಲ್ಲಿ ಕಡಲೆಕಾಯಿಯದೂ ಹಲಸಿನ ಬೀಜದ್ದೂ ಇವೆ. ಎರಡೂ ನಮ್ಮ ಜಿಲ್ಲೆಯ ಬೆಳೆಗಳೇ! ಕ್ಷಯರೋಗಾಣುವಿನ ಪ್ರೋಟೀನ್‌ಗಳನ್ನೂ ಅವರು ಅಧ್ಯಯನ ಮಾಡಿದರು. ಅಂಥ ಪ್ರೋಟೀನಿನ ಆಕಾರ ತಿಳಿದರೆ, ಅದಕ್ಕೆ ಅಂಟಿಕೊಂಡು ತಡೆಯುವ ಔಷಧದ ಅಣುವನ್ನು ರೂಪಿಸಲು ದಾರಿ ಸಿಗುತ್ತದೆ. ತುಮಕೂರು ವಿಶ್ವವಿದ್ಯಾಲಯವು ಗುಬ್ಬಿ, ಪಾವಗಡದಂಥ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳಿಗೆ ಕನ್ನಡದಲ್ಲೇ ಈ ಕುರಿತು ಕಾರ್ಯಾಗಾರ ನಡೆಸಲಿ, ವರ್ಷಕ್ಕೊಮ್ಮೆಯಾದರೂ ಅವರನ್ನು ಬೆಂಗಳೂರಿನ ಪ್ರಯೋಗಾಲಯಗಳಿಗೆ ಕರೆದೊಯ್ಯಲಿ.

– ವಿಜ್ಞಾನ ಶಿಕ್ಷಕಿ, ಗುಬ್ಬಿ