ಕೈಯಿಂದ ನಡೆಸುವ ವಿದ್ಯೆ ಉಳಿಸಿಕೊಡಿ: ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಶರಣು ಶರಣಾರ್ಥಿಗಳು. ನಾನು ನಿಡಗುಂದಿ ತಾಲ್ಲೂಕಿನವನು, ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿ ನಿವೃತ್ತನಾದವನು.

ದೇಶ ದೇಶಗಳ ಸೈಬರ್ ಯುದ್ಧ, ಅಂದರೆ ಕಂಪ್ಯೂಟರ್ ಜಾಲಕ್ಕೆ ನುಗ್ಗಿ ನಡೆಸುವ ದಾಳಿ, ದಿಲ್ಲಿ, ಬೆಂಗಳೂರಿನವರ ತಲೆನೋವು ಎಂದು ನಮ್ಮ ಕಡೆ ಜನರೂ ಅನ್ನುತ್ತಾರೆ, ಅಧಿಕಾರಿಗಳೂ ಅನ್ನುತ್ತಾರೆ. ಆದರೆ ಅಂಥ ಯುದ್ಧದಲ್ಲಿ ಶತ್ರು ಕಣ್ಣಿಡುವಂಥದ್ದೆಲ್ಲ ನಮ್ಮ ಜಿಲ್ಲೆಯಲ್ಲೇ ಇದೆ. 26 ಗೇಟುಗಳ, 123 ಟಿಎಂಸಿ ನೀರು ಹಿಡಿಯುವ ಆಲಮಟ್ಟಿ ಇದೆ. ಕೂಡಗಿಯಲ್ಲಿ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ. ಇಂಡಿ ಕಡೆಗೂ ನೀರು ಕೊಡುವ ನಾರಾಯಣಪುರ ಎಡದಂಡೆ ಕಾಲುವೆ ಜಾಲಕ್ಕೆ ಸ್ಕಾಡಾ ಬಂದಿದೆ, ಅಂದರೆ ದೂರದ ಕೋಣೆಯಲ್ಲಿ ಕೂತು ಕಂಪ್ಯೂಟರ್‌ನಿಂದಲೇ ಗೇಟು ಏರಿಸಿ ಇಳಿಸಬಹುದು. ಕಾಲುವೆಯ ಕೊನೆಯ ಹೊಲಕ್ಕೂ ಇದರಿಂದ ನೀರು ಮುಟ್ಟುವುದಾದರೆ ಬಹಳ ಒಳ್ಳೆಯದು. ನಾನು ಯಂತ್ರದ ವಿರೋಧಿಯಲ್ಲ.

2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ನಡೆದದ್ದನ್ನು ನನ್ನಂಥವನು ಓದಿದರೆ ಮೈ ಜುಮ್ಮೆನ್ನುತ್ತದೆ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಕರ್ಸರ್ ತಾನಾಗಿಯೇ ಸರಿದಾಡಿ ಒಂದೊಂದೇ ಬ್ರೇಕರ್, ಅಂದರೆ ಲೈನಿಗೆ ಕರೆಂಟು ಬಿಡುವ, ಕಡಿಯುವ ದೊಡ್ಡ ಸ್ವಿಚ್, ತೆಗೆಯತೊಡಗಿತು. ಮುಂದೆ ಕೂತಿದ್ದ ಆಪರೇಟರ್ ಮೌಸ್ ಅಲುಗಿಸಿದರೂ ಕೇಳಲಿಲ್ಲ. ಮೂರು ವಿತರಣಾ ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರಿಗೆ ಚಳಿಗಾಲದಲ್ಲಿ ಕರೆಂಟು ಹೋಯಿತು. ದೂರು ಹೇಳೋಣವೆಂದರೆ ಸಹಾಯವಾಣಿಗೂ ಸುಳ್ಳು ಕರೆಗಳು ಮುತ್ತಿಕೊಂಡಿದ್ದವು. ದಾಳಿಕೋರರು ಒಳನುಗ್ಗಿದ್ದು ತಿಂಗಳುಗಳ ಮೊದಲೇ, ಸಿಬ್ಬಂದಿ ತೆರೆದ ಇ-ಮೇಲ್ ಕಡತಗಳ ಮೂಲಕ. ಈ ದಾಳಿಯ ಸಂಬಂಧ ರಷ್ಯಾದ ಸೇನಾ ಗುಪ್ತಚರ ವಿಭಾಗದ ಆರು ಅಧಿಕಾರಿಗಳ ಮೇಲೆ ಅಮೆರಿಕ 2020ರಲ್ಲಿ ಆರೋಪ ಹೊರಿಸಿತು.

ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟು ವಾಪಸ್ ಬಂತು. ಸಿಬ್ಬಂದಿ ಗಾಡಿ ಹತ್ತಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಇಲ್ಲಿಗೇ. ಬ್ರೇಕರ್ ಪೆಟ್ಟಿಗೆಯಲ್ಲಿ ‘ಲೋಕಲ್-ರಿಮೋಟ್’ ಎಂದು ಬರೆದ ಸ್ವಿಚ್ ಇರುತ್ತದೆ. ಅದನ್ನು ಲೋಕಲ್‌ಗೆ ತಿರುವಿದರೆ ದೂರದವರ ಆಜ್ಞೆ ನಡೆಯದು. ಬ್ರೇಕರ್ ಹಾಕಲು ಬಲ ಕೊಡುವ ಸ್ಪ್ರಿಂಗನ್ನು ಎಳೆಯುವ ಮೋಟರ್ ಕೈಕೊಟ್ಟರೆ ಹ್ಯಾಂಡಲ್ ಸಿಕ್ಕಿಸಿ ತಿರುವಬೇಕು. ಸ್ಪ್ರಿಂಗ್ ಪೂರ್ತಿ ಬಿಗಿಯಾದ ಗುರುತು ಕಂಡ ಮೇಲೆಯೇ ಬ್ರೇಕರ್ ಹಾಕಬೇಕು. ‘ಲೈನ್ ಮ್ಯಾಲ ಯಾರೂ ಇಲ್ಲಂತ ಖಾತ್ರಿ ಮಾಡ್ಕೋ ತಮ್ಮಾ, ಆಮ್ಯಾಲ ಹ್ಯಾಂಡಲ್ ಮುಟ್ಟು’ ಎಂದು ನನ್ನ ಹಿರಿಯರು ಪಕ್ಕದಲ್ಲಿ ನಿಂತು ಕಲಿಸಿದರು. ಪುಸ್ತಕ ಓದಿ ಬರುವ ಕೆಲಸವಲ್ಲ ಇದು. ಬಲ್ಲವರು ಒಬ್ಬೊಬ್ಬರೇ ನಿವೃತ್ತರಾಗುತ್ತಿದ್ದಾರೆ.

ನೀರಿನ ಮಾತಿಗೆ ಬಂದರೆ, 2025ರ ಏಪ್ರಿಲ್‌ನಲ್ಲಿ ನಾರ್ವೆಯ ಸಣ್ಣ ಅಣೆಕಟ್ಟೊಂದರ ವಾಲ್ವನ್ನು ಹ್ಯಾಕರ್‌ಗಳು ದೂರದಿಂದಲೇ ತೆರೆದು ನಾಲ್ಕು ಗಂಟೆ ನೀರು ಹರಿಸಿದರು. ಪುಣ್ಯಕ್ಕೆ ಯಾರಿಗೂ ಅಪಾಯವಾಗಲಿಲ್ಲ. ಯುದ್ಧದಲ್ಲಿ ಇಲ್ಲದವರಿಗೂ ಏಟು ಬೀಳುತ್ತದೆ: 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ಆಕ್ರಮಣ ಮಾಡಿದ ದಿನವೇ ಉಪಗ್ರಹ ಜಾಲವೊಂದರ ಮೇಲೆ ನಡೆದ ದಾಳಿಗೆ ಜರ್ಮನಿಯ 5,800 ಪವನಯಂತ್ರಗಳ ದೂರ ನಿಯಂತ್ರಣ ತಪ್ಪಿತು. ಬಸವನಬಾಗೇವಾಡಿ ಸುತ್ತ ಅಂಥ ಯಂತ್ರಗಳು ಎಷ್ಟಿವೆಯೆಂದು ನಿಮಗೆ ಹೇಳಬೇಕಿಲ್ಲ. ನಮ್ಮ ದೇಶದಲ್ಲೂ 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರಿಗೆ ಮಾಲ್‌ವೇರ್, ಅಂದರೆ ಹಾನಿ ಮಾಡುವ ತಂತ್ರಾಂಶ, ಹೊಕ್ಕಿತ್ತು.

ದಾಳಿ ನಡೆದದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಕೇಂದ್ರದ ಆದೇಶವಿದೆ. ಆದರೆ ಆ 6 ಗಂಟೆ ಹೊಳೆಯ ನೀರು ನಿಂತು ಕಾಯುತ್ತದೆಯೇ?

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ರಸ್ತೆ, ಕುಡಿಯುವ ನೀರಿನ ಜೊತೆ ಇದನ್ನೂ ಕೇಳಿ. ಕಂಪ್ಯೂಟರ್ ಪೂರ್ತಿ ನಿಂತರೆ ಆಲಮಟ್ಟಿ ಗೇಟು, ಕಾಲುವೆ ಗೇಟು, ಉಪಕೇಂದ್ರಗಳನ್ನು ಸ್ಥಳದಲ್ಲೇ ನಿಂತು ನಡೆಸಬಲ್ಲವರು ಪ್ರತಿ ಪಾಳಿಯಲ್ಲಿ ಎಷ್ಟು ಮಂದಿ? ದೂರದಿಂದ ಲಾಗಿನ್ ಆಗುವ ಅಧಿಕಾರ ಯಾವ ಗುತ್ತಿಗೆದಾರರ ಕೈಯಲ್ಲಿದೆ, ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡ್ ಬದಲಾಗಿದೆಯೇ? ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಂದು ದಿನ ಪರದೆಗಳನ್ನೆಲ್ಲ ಆರಿಸಿ, ಕೈಯಿಂದಲೇ ಕೆಲಸ ನಡೆಸುವ ತಾಲೀಮು ಕಡ್ಡಾಯ ಮಾಡಿ. ಮೊಬೈಲ್ ಸಂದೇಶ ಬಾರದಿದ್ದರೂ ಹೊಳೆದಂಡೆಯ ಊರುಗಳಿಗೆ ಸೈರನ್, ಡಂಗುರ ಮುಟ್ಟುವಂತೆ ಅದೇ ದಿನ ಪರೀಕ್ಷಿಸಿ. ಕಲಿಸಲು ನಿವೃತ್ತರು ಬೇಕೆಂದರೆ ಕರೆಯಿರಿ. ನಾನು ಸಂಬಳ ಕೇಳುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆಪರೇಟರ್, ನಿಡಗುಂದಿ ತಾಲ್ಲೂಕು