ನಮ್ಮ ಸಂಘದ ಸುದ್ದಿಪತ್ರದ ಹಳೆಯ ಸಂಚಿಕೆಗಳನ್ನು ದಯವಿಟ್ಟು ಎಸೆಯಬೇಡಿ

ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದಕ್ಕೆ ಕಾರಣ, 1843ರ ಅದೇ ದಿನ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ‘ಮಂಗಳೂರ ಸಮಾಚಾರ’. ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್ ಸಂಪಾದಿಸುತ್ತಿದ್ದ ಈ ಪಾಕ್ಷಿಕ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಜಿಡ್ಡಿನ ಶಾಯಿಯಲ್ಲಿ ಕೈಯಾರೆ ಬರೆದ ಅಕ್ಷರಗಳನ್ನು ಕಲ್ಲಿನ ಮೇಲೆ ಮೂಡಿಸಿ ಕಾಗದಕ್ಕೆ ಒತ್ತುತ್ತಿದ್ದ ಕಾರಣ, ಅದರ ಪುಟದಲ್ಲಿ ಬರೆದವನ ಕೈಯ ಓಟವೇ ಕಾಣುತ್ತದೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು, ಹೆಚ್ಚು ಕಾಲ ನಡೆಯದೆ ನಿಂತಿತು.

ಇಷ್ಟು ಅಲ್ಪಾಯುಷಿಯಾದ ಪತ್ರಿಕೆಯ ಬಗ್ಗೆ ನಾವಿಂದು ಇಷ್ಟು ಖಚಿತವಾಗಿ ಮಾತನಾಡಬಲ್ಲೆವೆಂದರೆ ಅದಕ್ಕೆ ಮಿಷನ್ನಿನವರ ಕಾಗದಪತ್ರಗಳ ಶಿಸ್ತೇ ಕಾರಣ. ವರದಿ, ಪತ್ರ, ನಕಾಶೆ, ಛಾಯಾಚಿತ್ರಗಳನ್ನು ಅವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನ ಮಾಡಿದರು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿಯೂ ಆ ಕಾಲದ ಅಮೂಲ್ಯ ಸಾಮಗ್ರಿ ಉಳಿದಿದೆ. ಶ್ರೀನಿವಾಸ ಹಾವನೂರರಂಥ ವಿದ್ವಾಂಸರು ಇಂಥ ಸಂಗ್ರಹಗಳಲ್ಲಿ ಕುಳಿತು, ಪುಟ ಪುಟವನ್ನೂ ತಿರುವಿ ನೋಡಿದ್ದರಿಂದಲೇ ಹತ್ತೊಂಬತ್ತನೆಯ ಶತಮಾನದ ಕನ್ನಡ ಪತ್ರಿಕೆಗಳ ಚರಿತ್ರೆ ನಮಗೆ ದಕ್ಕಿತು.

ಸಿನಿಮಾದ ವಿಷಯದಲ್ಲಿ ನಮಗೆ ಆ ಭಾಗ್ಯವಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಅಂದಿನ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು, ಇಟ್ಟಲ್ಲೇ ಹಾಳಾಗುತ್ತಿತ್ತು. ಸಾಲದ್ದಕ್ಕೆ, ಅದರಲ್ಲಿದ್ದ ಬೆಳ್ಳಿಗಾಗಿ ಹಳೆಯ ರೀಲುಗಳನ್ನು ಮಾರಿಬಿಡುವ ರೂಢಿಯೂ ಇತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ.

ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೊರದೇಶದ ಕನ್ನಡ ಸಂಘಗಳ ಸುದ್ದಿಪತ್ರಗಳೂ ಕನ್ನಡ ಮಾಧ್ಯಮ ಚರಿತ್ರೆಯ ಭಾಗವೇ ಎಂದು ನಾನು ದೃಢವಾಗಿ ನಂಬಿದ್ದೇನೆ, ಮತ್ತು ಅವು ನಮ್ಮ ಕಣ್ಣೆದುರೇ ಕಳೆದುಹೋಗುತ್ತಿವೆ. ನಮ್ಮ ಸಂಘದ ಸುದ್ದಿಪತ್ರದ ಮೊದಲ ಸಂಚಿಕೆಗಳು ಕೈಬರಹದವು. ಜೆರಾಕ್ಸ್ ಮಾಡಿ, ಪಿನ್ನು ಹೊಡೆದು, ಅಂಚೆಗೆ ಹಾಕಿದವು. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿದ್ದರೂ ಅವನ್ನು ಇಂದಿಗೂ ಓದಬಹುದು. ನಂತರ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಸಂಚಿಕೆಗಳ ಸ್ಥಿತಿಯೇ ಹೆಚ್ಚು ಚಿಂತಾಜನಕವಾಗಿದೆ. ಎಲ್ಲ ಯಂತ್ರಗಳಿಗೂ ಒಂದೇ ಅಕ್ಷರಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶವೂ ಕನ್ನಡ ಅಕ್ಷರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ತನ್ನದೇ ಕ್ರಮದಲ್ಲಿ ಕೂಡಿಸುತ್ತಿತ್ತು; ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ, ಯುಗಾದಿಯ ಕವನವಿದ್ದ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕೆಲವು ಫಾಂಟುಗಳಿಗೆ ಪರಿವರ್ತಕಗಳಿವೆ, ಆದರೆ ಒತ್ತಕ್ಷರಗಳು ಕೆಟ್ಟಿರುವುದನ್ನು ಕಣ್ಣಿನಿಂದಲೇ ತಿದ್ದಬೇಕು. ಜಾಲಪುಟಗಳಿಗೆ ಉಚಿತವಾಗಿ ಜಾಗ ಕೊಡುತ್ತಿದ್ದ ಜಿಯೊಸಿಟೀಸ್ 2009ರಲ್ಲಿ ಮುಚ್ಚಿದಾಗ ಜಗತ್ತಿನ ಅದೆಷ್ಟೋ ಸಣ್ಣ ಸಂಘಗಳ ಪುಟಗಳು ಅಳಿಯುವ ಸ್ಥಿತಿಗೆ ಬಂದಿದ್ದನ್ನೂ ಮರೆಯುವಂತಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ಬಿನ್ನಹ: ಅಟ್ಟದಲ್ಲೋ ಗ್ಯಾರೇಜಿನಲ್ಲೋ ಹಳೆಯ ಸಂಚಿಕೆಗಳಿದ್ದರೆ, ನಾಟಕದ ಆಮಂತ್ರಣ, ಕಾರ್ಯಕ್ರಮದ ಕ್ಯಾಸೆಟ್, ಫ್ಲಾಪಿಗಳಿದ್ದರೆ ನಮಗೆ ತಿಳಿಸಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಅಂಟು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಜಾಹೀರಾತಿನ ಪುಟಗಳನ್ನು ಬೇರ್ಪಡಿಸದೆ ಇಡೀ ಸಂಚಿಕೆಯನ್ನೇ ಕೊಡಿ. ಊರಿಗೆ ಫೋನ್ ಮಾಡಲು ನಿಮಿಷಕ್ಕೆ ಎಷ್ಟಾಗುತ್ತಿತ್ತು, ಸೋನಾ ಮಸೂರಿ ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತಿತ್ತು, ರಾಜಕುಮಾರ್ ಚಿತ್ರದ ವಿಡಿಯೊ ಕ್ಯಾಸೆಟ್ಟನ್ನು ಬಾಡಿಗೆಗೆ ಯಾರು ಕೊಡುತ್ತಿದ್ದರು ಎಂಬುದನ್ನು ಮುಂದಿನವರು ತಿಳಿಯುವುದು ಅಧ್ಯಕ್ಷರ ಸಂದೇಶದಿಂದಲ್ಲ, ಆ ಪುಟಗಳಿಂದ.

ನಿಮ್ಮಿಂದ ಬಂದದ್ದನ್ನು ಸ್ಕ್ಯಾನ್ ಮಾಡಿ ಮೂಲವನ್ನು ನಿಮಗೇ ಮರಳಿಸುತ್ತೇವೆ. ಡಿಜಿಟಲ್ ಪ್ರತಿಯನ್ನು ಸಂಘದಲ್ಲಿಟ್ಟು, ಇನ್ನೊಂದನ್ನು ಈಗಾಗಲೇ ಸಾವಿರಾರು ಕನ್ನಡ ಪುಸ್ತಕಗಳಿರುವ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯಕ್ಕೆ ಏರಿಸಿ, ಮತ್ತೊಂದನ್ನು ಕರ್ನಾಟಕದ ಒಂದು ಗ್ರಂಥಾಲಯಕ್ಕೆ ಕೊಡಬೇಕೆಂಬುದು ನನ್ನ ಪ್ರಸ್ತಾವ. ಖಾಸಗಿ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಸಾರ್ವಜನಿಕ ಪ್ರತಿಯಲ್ಲಿ ಮರೆಮಾಡುತ್ತೇವೆ. ಈ ಬಾರಿಯ ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲ ಬಳಿಯೇ ಸ್ಕ್ಯಾನರ್ ಇಟ್ಟು ಕೂರುತ್ತೇವೆ. ಯಾವ ವರ್ಷದ ಸಂಚಿಕೆ ಎಂಬ ಗುರುತು ಇಲ್ಲದಿದ್ದರೂ ಪರವಾಗಿಲ್ಲ, ತನ್ನಿ, ಹಿರಿಯರನ್ನು ಕೇಳಿ ಅಲ್ಲೇ ಬರೆದುಕೊಳ್ಳೋಣ.