ಹುಳದ ಮನೆಯ ಅತಿಥಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು “ಹೇಗಿತ್ತಮ್ಮಾ ಉಜ್ಬೇಕಿಸ್ತಾನ?” ಅಂತ ಕೇಳಿದೆ. ನಾನು “ಚೆನ್ನಾಗಿತ್ತು ಕಣೇ” ಅಂತ ಹೇಳಿ ಸುಮ್ಮನಾದೆ. ವೀಸಾದ ಅರ್ಜಿ ತುಂಬಿದ್ದು ನೀನು, ಟಿಕೆಟ್ ಮಾಡಿಸಿದ್ದು ನೀನು. ಅಷ್ಟು ಮಾಡಿದ ಮಗಳಿಗೆ ಒಂದೇ ಮಾತಿನ ಉತ್ತರ ಕೊಟ್ಟೆನಲ್ಲ ಅಂತ ಆಮೇಲೆ ಸಂಕಟವಾಯಿತು. ಏನು ಮಾಡಲಿ, ಅಲ್ಲಿನ ಒಂದು ಹಳ್ಳಿಯಲ್ಲಿ ಕಳೆದ ಎರಡು ದಿನದ ವಿಷಯ ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಮರಕಂದ, ಬುಖಾರದ ಫೋಟೋಗಳನ್ನು ನೀನು ನೋಡಿದ್ದೀಯ. ಆ ನೀಲಿ ಗುಮ್ಮಟಗಳು ಎಷ್ಟು ಚೆಂದ ಅಂತ ನಾನು ಬೇರೆ ಹೇಳಬೇಕಾಗಿಲ್ಲ. ನಾನು ಹೇಳಬೇಕಾದ್ದು ಫರ್ಗಾನಾ ಕಣಿವೆಯ ಮಾತು.

ತಾಷ್ಕೆಂಟಿನಿಂದ ಮರ್ಗಿಲಾನ್‌ಗೆ ರೈಲಿನಲ್ಲಿ ಹೋದೆವು. ದಾರಿಯಲ್ಲಿ ಬೆಟ್ಟದೊಳಗೆ 19 ಕಿಲೋಮೀಟರ್ ಉದ್ದದ ಸುರಂಗ ಬರುತ್ತದೆ. 2016ರಲ್ಲಿ ಅದು ಆಗುವವರೆಗೆ ರೈಲು ತಜಿಕಿಸ್ತಾನದ ನೆಲ ಹಾದು ಬರಬೇಕಿತ್ತಂತೆ. ಸುರಂಗ ದಾಟಿ, ಬೆಟ್ಟ ಇಳಿದ ಮೇಲೆ ಎರಡೂ ಕಡೆ ಹೊಲ, ಕಾಲುವೆ, ಬದುವಿನ ಮೇಲೆ ಸಾಲು ಮರ. ಆ ಮರಗಳ ಆಕಾರವೇ ಬೇರೆ. ದಪ್ಪ ಕಾಂಡ, ತುದಿಯಲ್ಲಿ ಮುಷ್ಟಿ ಕಟ್ಟಿದಂಥ ಗಂಟು, ಆ ಗಂಟಿನಿಂದ ನೆಟ್ಟಗೆ ಎದ್ದ ಎಳೆ ಕೊಂಬೆಗಳು. ಎಲೆ ನೋಡಿದ್ದೇ ಗುರುತು ಸಿಕ್ಕಿತು. ಹಿಪ್ಪುನೇರಳೆ! ನಮ್ಮ ಶಿಡ್ಲಘಟ್ಟದ ಕಡೆ ಅದು ಸಾಲು ಹಿಡಿದು ನೆಟ್ಟ ಗಿಡ. ಅಲ್ಲಿ ಅದು ಮರ. ವರ್ಷಾವರ್ಷ ಕೊಂಬೆ ಕಡಿದೂ ಕಡಿದೂ ತಲೆ ಗಂಟಾಗಿರುತ್ತದೆ. ನಾನು ಕಿಟಕಿಗೆ ಅಂಟಿಕೊಂಡೇ ಕೂತಿದ್ದೆ.

ಮರ್ಗಿಲಾನ್‌ನಲ್ಲಿ ಯೋದ್ಗೋರ್ಲಿಕ್ ಅನ್ನುವ ರೇಷ್ಮೆ ಕಾರ್ಖಾನೆಗೆ ಕರೆದುಕೊಂಡು ಹೋದರು. ಗೂಡು ಬೇಯಿಸುವುದರಿಂದ ಹಿಡಿದು ಬಟ್ಟೆ ಮಗ್ಗದಿಂದ ಇಳಿಯುವವರೆಗೆ ಎಲ್ಲವನ್ನೂ ಅಲ್ಲಿ ನೋಡಬಹುದು. ಹಾಸಿನ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಬಿಚ್ಚಿ, ಮತ್ತೆ ಕಟ್ಟುತ್ತಾರೆ. ನೇಯ್ದಾಗ ಬಣ್ಣದ ಅಂಚುಗಳು ಒಂದರೊಳಗೊಂದು ಕದಡಿದ ಹಾಗೆ ಕಾಣುತ್ತವೆ. ಈ ಕೆಲಸಕ್ಕೆ ಅವರು ‘ಅಬ್ರ್ ಬಂದಿ’ ಅನ್ನುತ್ತಾರೆ. ಮೋಡ ಕಟ್ಟುವುದು ಅಂತ ಅರ್ಥ. ಎಷ್ಟು ಒಳ್ಳೆಯ ಹೆಸರು, ಅಲ್ವಾ? ಆದರೆ ನನ್ನ ಮನಸ್ಸು ಬಿಸಿನೀರಿನ ಬಾನಿಯ ಹತ್ತಿರವೇ ನಿಂತುಬಿಟ್ಟಿತ್ತು. ಬೇಯುವ ಗೂಡಿನ ಆ ವಾಸನೆ! ನಲವತ್ತು ವರ್ಷದ ಮೇಲೆ ಮೂಗಿಗೆ ಬಡಿಯಿತು. ನಾನು ಕೈ ಹಾಕಿ ಒಂದು ಗೂಡಿನ ಎಳೆ ಹಿಡಿದು ಎತ್ತಿದೆ. ಅಲ್ಲಿದ್ದ ಹೆಂಗಸು ನನ್ನ ಕೈಯನ್ನೇ ನೋಡಿದಳು. ನಮ್ಮಮ್ಮ ಹುಳ ಸಾಕುತ್ತಿದ್ದಳು ಅಂತ ಗೈಡ್‌ಗೆ ಹೇಳಿದೆ. ಪಕ್ಕದಲ್ಲಿದ್ದ ಡ್ರೈವರ್ ಅದನ್ನು ಕೇಳಿಸಿಕೊಂಡು, “ನಮ್ಮ ತಂಗಿಯ ಮನೆಯಲ್ಲಿ ಈಗ ಹುಳ ಇದೆ, ಬರ್ತೀರಾ?” ಅಂದ. ಉಳಿದವರು ನಗರ ನೋಡಲು ಹೋದರು. ನಾನು ಅವನ ಜೊತೆ ಹೊರಟೆ.

ಹಳ್ಳಿ ಅಲ್ಲಿಂದ ಅರ್ಧ ಗಂಟೆ. ಹಳ್ಳಿಗೆ ಅವರು ‘ಕಿಶ್ಲಾಕ್’ ಅನ್ನುತ್ತಾರೆ. ‘ಕಿಶ್’ ಅಂದರೆ ಚಳಿಗಾಲ. ಕುರಿ ಮೇಯಿಸಿಕೊಂಡು ತಿರುಗುವ ಜನ ಚಳಿಗಾಲಕ್ಕೆ ಬಂದು ನಿಲ್ಲುತ್ತಿದ್ದ ಜಾಗವೇ ಮುಂದೆ ಊರಾಯಿತು. ಬೀದಿಯಲ್ಲಿ ಮನೆ ಕಾಣುವುದಿಲ್ಲ, ಎತ್ತರದ ಮಣ್ಣಿನ ಗೋಡೆ, ದೊಡ್ಡ ಬಾಗಿಲು ಅಷ್ಟೇ. ಗೋಡೆಯ ಪಕ್ಕದಲ್ಲೇ ಸಣ್ಣ ಕಾಲುವೆ ಹರಿಯುತ್ತಿರುತ್ತದೆ. ರಸ್ತೆಯ ತುಂಬ ಹಿಪ್ಪುನೇರಳೆ ಹಣ್ಣು ಉದುರಿ, ಚಪ್ಪಲಿ ನೇರಳೆ ಬಣ್ಣವಾಯಿತು. ಬಾಗಿಲು ತೆರೆದರೆ ಒಳಗೆ ಬೇರೆ ಲೋಕ. ಅಂಗಳದ ಮೇಲೆಲ್ಲ ದ್ರಾಕ್ಷಿಯ ಚಪ್ಪರ. ಅದರ ಕೆಳಗೆ ಮರದ ಅಗಲವಾದ ಮಂಚ, ಅದರ ಮೇಲೆ ಹಾಸಿಗೆ, ಮಧ್ಯೆ ಊಟದ ಬಟ್ಟೆ. ಊಟ, ನಿದ್ದೆ, ಮಾತು ಎಲ್ಲ ಆ ಮಂಚದ ಮೇಲೇ.

ಡ್ರೈವರ್‌ನ ತಂಗಿ ನನಗಿಂತ ಐದಾರು ವರ್ಷ ಚಿಕ್ಕವಳಿರಬೇಕು. ಎದೆಯ ಮೇಲೆ ಕೈಯಿಟ್ಟು ಬಾಗಿ, ‘ಓಪಾ’ ಅಂತ ಕರೆದಳು. ಅಕ್ಕ ಅಂತ. ಒಬ್ಬ ಹುಡುಗ ಹೂಜಿ ತಂದು ನನ್ನ ಕೈಗೆ ನೀರು ಹಾಕಿದ. ನಾನು ರೂಢಿಯ ಮೇಲೆ ಕೈ ಕೊಡವಿದೆ. ಅಲ್ಲಿ ಹಾಗೆ ಕೊಡವಬಾರದಂತೆ, ಬಟ್ಟೆಯಲ್ಲೇ ಒರೆಸಿಕೊಳ್ಳಬೇಕು. ಇಂಗ್ಲಿಷ್ ಕಲಿಯುತ್ತಿದ್ದ ಅವಳ ಕಿರಿಮಗಳು ಆಮೇಲೆ ಮೆಲ್ಲಗೆ ಹೇಳಿಕೊಟ್ಟಳು.

ಚಹಾ ಕೊಟ್ಟಾಗ ನನಗೆ ಸ್ವಲ್ಪ ಬೇಜಾರಾಯಿತು. ನಿಜ ಹೇಳುತ್ತೇನೆ. ಆಕೆ ಹಸಿರು ಚಹಾವನ್ನು ಬಟ್ಟಲಿಗೆ ಬಗ್ಗಿಸಿ, ಮತ್ತೆ ಕೆಟಲ್‌ಗೆ ಸುರಿದು, ಹೀಗೆ ಮೂರು ಸಲ ಮಾಡಿ, ಕೊನೆಗೆ ಬಟ್ಟಲಿನ ತಳ ಮುಚ್ಚುವಷ್ಟು ಮಾತ್ರ ಹಾಕಿ ಕೊಟ್ಟಳು. ನಮ್ಮಲ್ಲಿ ಲೋಟ ತುಂಬದಿದ್ದರೆ ಬಂದವರು ಏನಂದುಕೊಳ್ಳುತ್ತಾರೆ? ಆದರೆ ಅಲ್ಲಿ ಲೆಕ್ಕ ಉಲ್ಟಾ. ಸ್ವಲ್ಪ ಕೊಟ್ಟರೆ, ಮತ್ತೆ ಮತ್ತೆ ಎದ್ದು ನಿಮಗೆ ಹಾಕಿಕೊಡುವ ಆಸೆ ಇದೆ, ಕೂತಿರಿ ಅಂತ. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಅಂತ. ನನಗೆ ಆ ಸಂಜೆ ಹತ್ತು ಬಟ್ಟಲಾದರೂ ಆಗಿರಬೇಕು, ಒಂದೂ ಅರ್ಧಕ್ಕಿಂತ ಮೇಲೆ ಏರಲಿಲ್ಲ.

“ಒಳಗೆ ಮಲಗಿಸೋಕೆ ಜಾಗ ಇಲ್ಲ” ಅಂತ ಮಗಳ ಬಾಯಲ್ಲಿ ಹೇಳಿಸಿದಳು. ಮನೆಗೆ ಬಂದವರಿಗೆ ಅಂತ ಅವರಲ್ಲಿ ಒಂದು ದೊಡ್ಡ ಕೋಣೆ ಇರುತ್ತದೆ. ಮೆಹ್ಮಾನ್‌ಖಾನಾ. ಮೇ ತಿಂಗಳಲ್ಲಿ ಅದು ಹುಳಕ್ಕೆ. ಮನೆಯವರೆಲ್ಲ ಅಂಗಳದ ಮಂಚದ ಮೇಲೆ. ನನಗೆ ನಗು ಬಂತು, ಕಣ್ಣೂ ತುಂಬಿತು. ನಮ್ಮ ಮನೆಯಲ್ಲೂ ನಡುಮನೆಯೆಲ್ಲ ತಟ್ಟೆಗಳ ಅಟ್ಟಣಿಗೆ. ನಾವು ಆರು ಮಂದಿ ಜಗಲಿ ಮೇಲೆ ಮಲಗುತ್ತಿದ್ದೆವು.

ಪುಟ್ಟಿ, ನಿನಗೊಂದು ವಿಷಯ ಗೊತ್ತಿರಲಿಕ್ಕಿಲ್ಲ. ಹುಳದ ಮನೆಯೊಳಗೆ ನಿನ್ನಜ್ಜಿ ಹೊರಗಿನವರನ್ನು ಬಿಡುತ್ತಲೇ ಇರಲಿಲ್ಲ. ಹುಳಕ್ಕೆ ರೋಗ ತಗಲೀತು ಅಂತ ಒಂದು ಭಯ, ಕಣ್ಣು ಬಿದ್ದೀತು ಅಂತ ಇನ್ನೊಂದು ಭಯ. ನೆಂಟರು ಬಂದರೂ ಜಗಲಿಯಲ್ಲೇ. ಮಲ್ಲಿಗೆ ಮುಡಿದಿದ್ದರೆ ನಮ್ಮನ್ನೂ ಒಳಗೆ ಬಿಡುತ್ತಿರಲಿಲ್ಲ, ಗಾಢ ವಾಸನೆ ಹುಳಕ್ಕೆ ಆಗುವುದಿಲ್ಲ. ಅದಕ್ಕೇ ನಾನು ಅಲ್ಲಿ ಒಳಗೆ ಬರುತ್ತೇನೆ ಅಂತ ಕೇಳಲಿಲ್ಲ. ಬಾಗಿಲ ಹತ್ತಿರ ನಿಂತು, ಮುಖದ ಪೌಡರ್ ಒರೆಸಿಕೊಂಡು, ಕಾಲು ತೊಳೆದುಕೊಂಡೆ, ಅಷ್ಟೇ. ಆಕೆ ಅದನ್ನು ನೋಡಿದಳು. ಏನೂ ಹೇಳದೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ನಾಲ್ಕನೇ ಜ್ವರ ಎದ್ದ ಹುಳ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತಿದ್ದೆವು. ಬೆರಳುದ್ದ ಬೆಳೆದು ಬೆಳ್ಳಗೆ ಮಿನುಗುತ್ತಿದ್ದವು. ಎಲೆ ಕತ್ತರಿಸಿ ಹಾಕುವುದಿಲ್ಲ, ಕೊಂಬೆಗಳನ್ನೇ ಅಡ್ಡಡ್ಡ ಹಾಸುತ್ತಾರೆ. ಹುಳದ ಬದುಕಿನಲ್ಲಿ ಈ ಕೊನೆಯ ಎಂಟು ದಿನದ ಹಸಿವೇ ಹಸಿವು. ಹುಟ್ಟಿದಾಗಿನಿಂದ ತಿಂದದ್ದರಲ್ಲಿ ಮುಕ್ಕಾಲಿಗೂ ಜಾಸ್ತಿ ಈಗಲೇ ತಿನ್ನುವುದು. ಆಕೆಯ ಗಂಡ, ಭಾವ, ಮಕ್ಕಳು ಎಲ್ಲರೂ ಬೆಳಗಿನಿಂದ ಕೊಂಬೆ ಕಡಿದು ಗಾಡಿಯಲ್ಲಿ ಹೇರಿ ತರುತ್ತಿದ್ದರು. ರಾತ್ರಿಯೂ ಎದ್ದು ಹಾಕಬೇಕು.

ಆ ಕತ್ತಲ ಕೋಣೆಯಲ್ಲಿ ಸೋನೆ ಮಳೆ ಹಿಡಿದ ಸದ್ದು. ಸಾವಿರಾರು ಬಾಯಿ ಎಲೆ ಕಚ್ಚುವ ಸದ್ದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅಜ್ಜಿ ಈ ಸದ್ದಿಗೆ ಎಚ್ಚೆತ್ತು, ಮಳೆ ಬಂತು ಅಂತ ಕಣದಲ್ಲಿ ಹರಡಿದ್ದ ರಾಗಿ ಮುಚ್ಚಲು ಓಡಿದ್ದಳು. ಹೊರಗೆ ಬೆಳದಿಂಗಳು. ವಾಪಸ್ ಬಂದು ಜಗಲಿಯ ಮೇಲೆ ಕೂತು ಎಷ್ಟು ನಕ್ಕಿದ್ದಳು ಗೊತ್ತಾ! ಅಷ್ಟು ದಣಿದಿರುತ್ತಿದ್ದಳು, ನಿದ್ದೆಗಣ್ಣಿಗೆ ಹುಳ ಯಾವುದು ಮಳೆ ಯಾವುದು ತಿಳಿಯದಷ್ಟು.

ಇನ್ನೊಂದು ಮಾತು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ಹೈಸ್ಕೂಲಿಗೆ ಹೋದಾಗ ನನ್ನ ಬಟ್ಟೆಯಿಂದ ಹುಳದ ವಾಸನೆ ಬರುತ್ತದೆ ಅಂತ ಹುಡುಗಿಯರು ಪಕ್ಕದಲ್ಲಿ ಕೂರುತ್ತಿರಲಿಲ್ಲ. ಒಂದು ದಿನ ಅಜ್ಜಿ ಬುತ್ತಿ ಕೊಡಲು ಸ್ಕೂಲಿಗೆ ಬಂದಳು, ಸೊಪ್ಪು ಬಿಡಿಸಿದ ಕಪ್ಪು ಕೈಯಲ್ಲೇ. ಗೇಟಿನ ಹತ್ತಿರ ಹೋಗಿ, “ಇನ್ನು ಮೇಲೆ ಬರಬೇಡ” ಅಂದುಬಿಟ್ಟೆ. ಅಜ್ಜಿ ಬುತ್ತಿ ಕೊಟ್ಟು ಹೋದಳು. ಮತ್ತೆ ಬರಲಿಲ್ಲ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಫೀಸು ಕಟ್ಟಿದ್ದು ಗೂಡು ಮಾರಿದ ದುಡ್ಡಿನಲ್ಲೇ ಅಂತ ನನಗೆ ಆಗಲೂ ಗೊತ್ತಿತ್ತು. ಅವಳು ಇರುವ ತನಕ ಕ್ಷಮೆ ಕೇಳಲು ನನ್ನ ಕೈಲಾಗಲಿಲ್ಲ.

ಆ ಕೋಣೆಯಲ್ಲಿ ನಿಂತು ಅತ್ತೆ. ಆಕೆ ಗಾಬರಿಯಾಗಿ ನೀರು ತರಿಸಿದಳು. ಅವಳ ಭಾಷೆ ನನಗೆ ಬರುವುದಿಲ್ಲ, ನನ್ನದು ಅವಳಿಗೆ. ಹುಳಗಳನ್ನು ತೋರಿಸಿ “ಅಮ್ಮ” ಅಂದೆ. ಅವಳಿಗೆ ಅರ್ಥವಾಯಿತು. ಒಂದು ಕೊಂಬೆ ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಹಾಸಿದೆ. ಇನ್ನೊಂದು ಕೊಟ್ಟಳು. ಹಾಗೇ ಆ ಸಾಲನ್ನೆಲ್ಲ ನಾವಿಬ್ಬರೂ ಮುಗಿಸಿದೆವು. ರಾತ್ರಿ ಎರಡು ಗಂಟೆಗೆ ಆಕೆ ಎದ್ದಾಗ ನಾನೂ ಎದ್ದೆ.

ಕೆಲಸ ಮಾಡುತ್ತಾ ಮಗಳು ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು. ನಮ್ಮಲ್ಲಿ ವರ್ಷಕ್ಕೆ ಐದಾರು ಬೆಳೆ ಅಂದಾಗ ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವರಿಗೆ ಮುಖ್ಯವಾಗಿ ವಸಂತದ ಒಂದೇ ಬೆಳೆ, ಚಳಿಗೆ ಮರ ಬರಿದಾಗುತ್ತದಲ್ಲ. ಅವರ ಗೂಡು ಬಿಳಿ. ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದದ್ದು ಹಳದಿ. ನಾವು ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು, ಅವರು ಒಣ ಪೊದೆಯ ಕಡ್ಡಿಗಳನ್ನು ನಿಲ್ಲಿಸುತ್ತಾರೆ. ಹುಳಕ್ಕೆ ಅವರಲ್ಲಿ ‘ಕುರ್ತ್’ ಅನ್ನುತ್ತಾರೆ. ಮೊಸರು ಬಸಿದು ಉಂಡೆ ಕಟ್ಟಿ ಒಣಗಿಸಿದ ಉಪ್ಪುಪ್ಪು ತಿನಿಸಿಗೂ ಅದೇ ಹೆಸರು. ಹಾಗೇ ಒಂದೊಂದೇ ಪದ ಹುಡುಕಿದೆವು. ಬಜಾರು ಅವರಲ್ಲಿ ಬೊಜೋರ್. ಕಾಗದ ಕೊಗೊಜ್. ಸಾಬೂನು ಸೋವುನ್. ಮೈದಾನ ಮೈದೋನ್. ಪೈಲ್ವಾನ ಪೊಲ್ವೋನ್. ಒಂದು ಪದ ಸಿಕ್ಕಾಗಲೆಲ್ಲ ಆ ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು. ಅಜ್ಜ ಒಬ್ಬರು ಮೂಲೆಯಿಂದ “ಹಿಂದಿಸ್ತಾನ್! ರಾಜ್ ಕಪೂರ್!” ಅಂದರು. ಅವರ ಮುಖದ ಸಂತೋಷ ನೀನು ನೋಡಬೇಕಿತ್ತು.

ಕಷ್ಟವನ್ನೂ ಹೇಳಿಕೊಂಡಳು. ಸೋವಿಯತ್ ಕಾಲದಲ್ಲಿ, ಆಮೇಲೂ ಬಹಳ ವರ್ಷ, ಇಷ್ಟು ಗೂಡು ಕೊಡಲೇಬೇಕು ಅಂತ ಮೇಲಿನಿಂದ ಗುರಿ ಬರುತ್ತಿತ್ತು. ಬೇಕೋ ಬೇಡವೋ ಸಾಕಬೇಕಿತ್ತು. ಒಂದು ತಿಂಗಳು ಇಡೀ ಮನೆ ನಿದ್ದೆಗೆಟ್ಟರೂ ಕೈಗೆ ಬರುವುದು ಕಡಿಮೆ. ಅದಕ್ಕೇ ಅವಳ ಹಿರಿಮಗ ರಷ್ಯಾಕ್ಕೆ ಕೂಲಿಗೆ ಹೋಗಿದ್ದಾನೆ. ಆ ಕಡೆಯ ಎಷ್ಟೋ ಮನೆಗಳದ್ದು ಇದೇ ಕತೆ. ಬೆಂಗಳೂರಿನಲ್ಲಿ ರೇಷ್ಮೆ ಸೀರೆ ಕೊಳ್ಳುವಾಗ ನಾನು ದರ ಕೇಳುತ್ತೇನೆ, ಜರಿ ನೋಡುತ್ತೇನೆ. ಗೂಡು ಬೆಳೆದವರಿಗೆ ಎಷ್ಟು ಸಿಕ್ಕಿತು ಅಂತ ಒಂದು ದಿನವಾದರೂ ಕೇಳಿದ್ದೇನಾ? ಹುಳದ ಮನೆಯಲ್ಲಿ ಹುಟ್ಟಿದವಳು ನಾನು!

ಬೆಳಿಗ್ಗೆ ತಂದೂರಿನಲ್ಲಿ ರೊಟ್ಟಿ ಸುಟ್ಟಳು. ಅವರು ಅದಕ್ಕೆ ‘ನೋನ್’ ಅನ್ನುತ್ತಾರೆ. ದುಂಡಗೆ, ಅಂಚು ಉಬ್ಬಿ, ಮಧ್ಯೆ ಮೊಳೆಯ ಅಚ್ಚಿನಿಂದ ಹೂವಿನಂತೆ ಚುಚ್ಚಿರುತ್ತಾರೆ. ಅದನ್ನು ಬೋರಲಾಗಿ ಇಡಬಾರದು, ಚಾಕು ತಾಗಿಸಬಾರದು, ಹಿರಿಯರು ಕೈಯಲ್ಲಿ ಮುರಿದು ಎಲ್ಲರಿಗೂ ಕೊಡಬೇಕು. ರಿಶ್ತಾನ್ ಅನ್ನುವ ಊರಿನ ನೀಲಿ ತಟ್ಟೆಯಲ್ಲಿ ಚೆರ್ರಿ ಹಣ್ಣು, ಗಟ್ಟಿ ಮೊಸರು. ಹಿಂದಿನ ದಿನ ಮಧ್ಯಾಹ್ನ ಆಕೆಯ ಗಂಡ ಹಳದಿ ಗಜ್ಜರಿ, ಜೀರಿಗೆ, ಕುರಿಮಾಂಸ ಹಾಕಿ ಪಲಾವ್ ಮಾಡಿದ್ದ. ಅದೂ ರುಚಿಯೇ. ಆದರೂ ನನಗೆ ಆ ಬಿಸಿ ರೊಟ್ಟಿಯೇ ಹೆಚ್ಚು.

ಅಡುಗೆಮನೆಯ ಗೋಡೆಯ ಮೇಲೆ ಒಂದು ಒಣ ರೊಟ್ಟಿ ನೇತುಹಾಕಿದ್ದರು. ಅಂಚಿನಲ್ಲಿ ಒಂದು ತುತ್ತು ಕಚ್ಚಿದ ಗುರುತು. ಏನಿದು ಅಂತ ಕೇಳಿದೆ. ಮಗ ಹೊರಟ ದಿನ ಕಚ್ಚಿ ಹೋದದ್ದು. ದೂರ ಹೋಗುವವರು ಮನೆಯ ರೊಟ್ಟಿಯಿಂದ ಒಂದು ತುತ್ತು ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ಮನೆಯವರು ಹಾಗೇ ಇಡುತ್ತಾರೆ. ಅವನು ವಾಪಸ್ ಬಂದು ಅದನ್ನು ತಿನ್ನಬೇಕು. ಅವಳು ಆ ರೊಟ್ಟಿಯ ಧೂಳನ್ನು ಸೆರಗಿನಂಥ ತಲೆವಸ್ತ್ರದ ತುದಿಯಿಂದ ಒರೆಸಿದಳು. ನಾನು ನಿನ್ನ ಕೋಣೆಯ ಕಿಟಕಿ ತೆರೆದು ಗಾಳಿಗೆ ಬಿಡುತ್ತೇನಲ್ಲ, ದಿನಾ ಬೆಳಿಗ್ಗೆ, ಹಾಗೆ.

ಹೊರಡುವಾಗ ಕಾರಿನ ಬಾಗಿಲು ತೆಗೆದಿದ್ದೆ. ಆಕೆ ಓಡಿ ಬಂದು ಒಂದು ಬಿಸಿ ನೋನ್ ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಒಂದು ತುತ್ತು ಕಚ್ಚಿದೆ. ಉಳಿದದ್ದನ್ನು ಅವಳು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಗೋಡೆಯ ಮೇಲೆ ಮಗನ ರೊಟ್ಟಿಯ ಪಕ್ಕದಲ್ಲಿ ನೇತುಹಾಕಿದ್ದಾಳೆ, ಹುಡುಗಿ ಫೋಟೋ ಕಳಿಸಿದ್ದಳು. ನಿನಗೂ ಕಳಿಸುತ್ತೇನೆ.

ಮುಂದಿನ ವರ್ಷ ಮೇ ಎರಡನೇ ವಾರಕ್ಕೆ ನಾಲ್ಕನೇ ಜ್ವರ ಏಳುತ್ತದೆ ಅಂತ ಆಕೆ ಲೆಕ್ಕ ಹಾಕಿ ಹೇಳಿದ್ದಾಳೆ. ನೀನು ಆಗ ಹತ್ತು ದಿನ ರಜೆ ಕೇಳಿಕೋ. ಈಗಲೇ ಹೇಳಿಟ್ಟರೆ ಸಿಗಬಹುದು, ಅಲ್ವಾ? ಸೆಂಟು ಮಾತ್ರ ತರಬೇಡ.

ನಿನ್ನ,
ಅಮ್ಮ